ಷೇರು ಮಾರುಕಟ್ಟೆಯ ದಕ್ಷತೆ: ಪದವಿ ಪ್ರಬಂಧಕ್ಕೆ ಯಾವ ಪ್ರಶ್ನೆ, ಯಾವ ಪರೀಕ್ಷೆ?

ಪ್ರಶ್ನೆ: ನಾನು ಅರ್ಥಶಾಸ್ತ್ರ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿನಿ. ‘ಷೇರು ಮಾರುಕಟ್ಟೆ ದಕ್ಷವೇ?’ (ಅಂದರೆ ಲಭ್ಯವಿರುವ ಮಾಹಿತಿಯೆಲ್ಲ ಬೆಲೆಗಳಲ್ಲಿ ಆಗಲೇ ಸೇರಿಕೊಂಡಿದೆಯೇ) ಎಂಬ ವಿಷಯದ ಮೇಲೆ ಪ್ರಬಂಧ ಬರೆಯುತ್ತಿದ್ದೇನೆ. ಒಂದು ಸೂಚ್ಯಂಕದ ಹತ್ತು ವರ್ಷಗಳ ದೈನಂದಿನ ಮುಕ್ತಾಯ ಬೆಲೆಗಳನ್ನು ಇಟ್ಟುಕೊಂಡು ಮೂರು ಪರೀಕ್ಷೆಗಳನ್ನು ನಡೆಸಿದೆ. ಯೂನಿಟ್ ರೂಟ್ ಪರೀಕ್ಷೆಯ ಪ್ರಕಾರ ಬೆಲೆಗಳು ರ‍್ಯಾಂಡಮ್ ವಾಕ್ (ಮುಂದಿನ ಹೆಜ್ಜೆಯನ್ನು ಹಿಂದಿನ ಹೆಜ್ಜೆಗಳಿಂದ ಊಹಿಸಲಾಗದ ನಡಿಗೆ) ಆಗಿವೆ. ಪ್ರತಿಫಲಗಳು (ಬೆಲೆಯ ಶೇಕಡಾವಾರು ಬದಲಾವಣೆಗಳು) ಗಂಟೆಯಾಕಾರದ ನಾರ್ಮಲ್ ವಿತರಣೆಯನ್ನು ಅನುಸರಿಸುವುದಿಲ್ಲ ಎಂದು ಎರಡನೆಯ ಪರೀಕ್ಷೆ ಹೇಳಿತು. ಇಂದಿನ ಮತ್ತು ನಿನ್ನೆಯ ಪ್ರತಿಫಲಗಳ ನಡುವಿನ ಸ್ವಸಹಸಂಬಂಧ 0.05 ಬಂದಿದ್ದು, ಅದು ಸಾಂಖ್ಯಿಕವಾಗಿ ಗಣನೀಯ (ಬರೀ ಆಕಸ್ಮಿಕವೆನ್ನಲು ಕಷ್ಟವಾದದ್ದು) ಎಂದು ತಂತ್ರಾಂಶ ತೋರಿಸುತ್ತಿದೆ. ಮಾರುಕಟ್ಟೆ ದಕ್ಷ ಎಂದು ಬರೆಯಲೇ, ಅಲ್ಲ ಎಂದು ಬರೆಯಲೇ? ಸಲ್ಲಿಸಲು ನಾಲ್ಕು ತಿಂಗಳಿದೆ. ಕೊನೆಗೆ ಏನೂ ಸಿಗದಿದ್ದರೆ ಪ್ರಬಂಧವೇ ಬಿದ್ದುಹೋಗುತ್ತದೆಯೇ?

ಉತ್ತರ: ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ನಿಮ್ಮ ಮೂರು ಪರೀಕ್ಷೆಗಳು ನಿಮಗೆ ಕಾಣಿಸಿರಬೇಕು. ಆದರೆ ಅವುಗಳ ನಡುವೆ ವಿರೋಧವೇನೂ ಇಲ್ಲ. ಮೂರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಟ್ಟಿವೆ, ಮತ್ತು ಆ ಮೂರರಲ್ಲಿ ಒಂದೇ ಒಂದು ನಿಮ್ಮ ವಿಷಯಕ್ಕೆ ಹತ್ತಿರದ್ದು. ಮಾರುಕಟ್ಟೆ ದಕ್ಷವೋ ಅಲ್ಲವೋ ಎಂದು ತೀರ್ಪು ಕೊಡುವ ಹೊಣೆಯನ್ನು ಪದವಿ ಪ್ರಬಂಧದ ಹೆಗಲಿಗೆ ಹೊರಿಸಬೇಡಿ ಎಂಬುದು ನನ್ನ ಮೊದಲ ಮಾತು. ನಿರ್ದಿಷ್ಟವಾದ ಒಂದು ಮಾಹಿತಿ ಬೆಲೆಯೊಳಗೆ ಎಷ್ಟು ಬೇಗ, ಎಷ್ಟು ಪೂರ್ಣವಾಗಿ ಇಳಿಯಿತು ಎಂಬ ಪ್ರಶ್ನೆಗೆ ಅದನ್ನು ಇಳಿಸಿಕೊಂಡರೆ ನಾಲ್ಕು ತಿಂಗಳು ಧಾರಾಳವಾಗಿ ಸಾಕು. ಅಲ್ಲಿಗೆ ಹೋಗುವ ಮುನ್ನ ನಿಮ್ಮ ಕೈಯಲ್ಲಿರುವ ಫಲಿತಾಂಶಗಳನ್ನು ನೋಡೋಣ.

ನಾರ್ಮಲ್ ವಿತರಣೆಯ ಪರೀಕ್ಷೆಯನ್ನು ಈ ವಾದದಿಂದ ಪೂರ್ತಿಯಾಗಿ ಕೈಬಿಡಿ. ಇಂದು ಲಭ್ಯವಿರುವ ಮಾಹಿತಿಯನ್ನು ಬಳಸಿ ನಾಳೆಯ ಬೆಲೆಯ ಬಗ್ಗೆ ಅಸಾಧಾರಣ ಲಾಭದ ನಿರೀಕ್ಷೆ ಇಟ್ಟುಕೊಳ್ಳಲಾಗದು ಎಂಬುದಷ್ಟೇ ದಕ್ಷತೆಯ ಹೇಳಿಕೆ. ಪ್ರತಿಫಲಗಳ ಹಂಚಿಕೆ ಯಾವ ಆಕಾರದಲ್ಲಿರಬೇಕೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಈ ಸಿದ್ಧಾಂತದ ಜೊತೆ ಹೆಸರು ಬೆಸೆದುಕೊಂಡಿರುವ ಯೂಜೀನ್ ಫಾಮಾ ಅವರೇ 1965ರಲ್ಲಿ ಡೌ ಜೋನ್ಸ್ ಸೂಚ್ಯಂಕದ 30 ಷೇರುಗಳನ್ನು ಪರಿಶೀಲಿಸಿ, ದೈನಂದಿನ ಏರಿಳಿತಗಳ ವಿತರಣೆ ನಾರ್ಮಲ್ ಅಲ್ಲ, ಅದರ ಬಾಲಗಳು ದಪ್ಪ, ಅಂದರೆ ವಿಪರೀತ ಏರಿಳಿತಗಳು ಹೆಚ್ಚು ಎಂದು ತೋರಿಸಿದ್ದರು. 1987ರ ಅಕ್ಟೋಬರ್ 19ರಂದು ಡೌ ಜೋನ್ಸ್ ಒಂದೇ ದಿನ ಶೇ 22.6ರಷ್ಟು ಕುಸಿಯಿತು. ದಿನದ ಮಾನಕ ವಿಚಲನೆ (ಸರಾಸರಿಯಿಂದ ಅತ್ತಿತ್ತ ಸರಿಯುವ ಸಾಮಾನ್ಯ ಪ್ರಮಾಣ) ಶೇ 1ರ ಆಸುಪಾಸಿನಲ್ಲಿರುವ ನಾರ್ಮಲ್ ಜಗತ್ತಿನಲ್ಲಿ ಅಂಥ ದಿನ ವಿಶ್ವದ ಆಯುಷ್ಯದಲ್ಲಿ ಒಮ್ಮೆಯೂ ಬರಬಾರದು. ಹಾಗೆಯೇ ಪ್ರಕ್ಷುಬ್ಧ ದಿನಗಳ ಹಿಂದೆ ಪ್ರಕ್ಷುಬ್ಧ ದಿನಗಳು ಬರುತ್ತವೆ, ಶಾಂತ ದಿನಗಳ ಹಿಂದೆ ಶಾಂತ ದಿನಗಳು ಬರುತ್ತವೆ. ರಾಬರ್ಟ್ ಎಂಗಲ್ 1982ರಲ್ಲಿ ಮಂಡಿಸಿದ ಆರ್ಚ್ ಮಾದರಿ ಹಿಡಿಯಲು ಹೊರಟದ್ದು ಇಂಥ ವರ್ತನೆಯನ್ನೇ. ಅಲ್ಲಿ ಊಹಿಸಲು ಸಾಧ್ಯವಾಗುವುದು ಏರಿಳಿತದ ಗಾತ್ರ ಮಾತ್ರ, ದಿಕ್ಕಲ್ಲ. ದಕ್ಷತೆಗೆ ಅದರಿಂದ ಯಾವ ಧಕ್ಕೆಯೂ ಇಲ್ಲ.

ಯೂನಿಟ್ ರೂಟ್ ಪರೀಕ್ಷೆಯ ವಿಚಾರ ಇನ್ನೂ ಸೂಕ್ಷ್ಮವಾದದ್ದು, ಏಕೆಂದರೆ ಪದವಿ ಪ್ರಬಂಧಗಳಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು ಇಲ್ಲಿಯೇ ಇದೆ. ಬೆಲೆಗೆ ತಗುಲಿದ ಆಘಾತವೊಂದು ಕಾಲಕ್ರಮದಲ್ಲಿ ಕರಗಿಹೋಗಿ ಬೆಲೆ ತನ್ನ ಹಳೆಯ ಮಟ್ಟಕ್ಕೆ ಮರಳುತ್ತದೆಯೇ, ಇಲ್ಲವೇ ಎಂಬುದನ್ನಷ್ಟೇ ಆ ಪರೀಕ್ಷೆ ವಿಚಾರಿಸುತ್ತದೆ. ಒಂದು ಕಾಲ್ಪನಿಕ ಮಾರುಕಟ್ಟೆಯನ್ನು ಮನಸ್ಸಿಗೆ ತಂದುಕೊಳ್ಳಿ. ಅಲ್ಲಿ ನಿನ್ನೆಯ ಬದಲಾವಣೆಯ ಅರ್ಧದಷ್ಟು ಇಂದೂ ಮರುಕಳಿಸುತ್ತದೆ. ಅಂದರೆ ನಿನ್ನೆ ಶೇ 2 ಏರಿದ್ದರೆ ಇಂದು ಸರಾಸರಿ ಶೇ 1 ಏರುತ್ತದೆ. ಅಂಥ ಮಾರುಕಟ್ಟೆಯಲ್ಲಿ ಯಾರು ಬೇಕಾದರೂ ಹಣ ಮಾಡಬಹುದು, ಅದು ಅದಕ್ಷತೆಯ ಪರಮಾವಧಿ. ಆದರೂ ಅದರ ಬೆಲೆಗಳಿಗೆ ಯೂನಿಟ್ ರೂಟ್ ಇದ್ದೇ ಇರುತ್ತದೆ, ನಿಮ್ಮ ಪರೀಕ್ಷೆ ಅದನ್ನು ನಗುನಗುತ್ತಲೇ ಪಾಸು ಮಾಡಿಬಿಡುತ್ತದೆ. ಆದ್ದರಿಂದ ‘ಯೂನಿಟ್ ರೂಟ್ ಇದೆ, ಆದಕಾರಣ ಮಾರುಕಟ್ಟೆ ದಕ್ಷ’ ಎಂಬ ವಾಕ್ಯ ನಿಮ್ಮ ಪ್ರಬಂಧದಲ್ಲಿ ಉಳಿಯಕೂಡದು. ಬೆಲೆಗಳ ಬದಲು ಪ್ರತಿಫಲಗಳನ್ನು ಬಳಸಿದ್ದೇಕೆ ಎಂಬುದಕ್ಕೆ ಸಮರ್ಥನೆಯಾಗಿ ಆ ಪರೀಕ್ಷೆಗೆ ಅರ್ಧ ಪುಟ ಕೊಟ್ಟರೆ ಸಾಕು.

ಉಳಿದದ್ದು 0.05. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಹತ್ತು ವರ್ಷಗಳೆಂದರೆ ಸುಮಾರು 2,500 ದಿನಗಳ ಪ್ರತಿಫಲ. ಪ್ರತಿಫಲಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಇಟ್ಟುಕೊಂಡರೆ ಸ್ವಸಹಸಂಬಂಧದ ಮಾನಕ ದೋಷವು (ಅಂದಾಜು ಆಕಸ್ಮಿಕವಾಗಿ ಎಷ್ಟು ಅತ್ತಿತ್ತ ಆಗಬಹುದೆಂಬ ಅಳತೆ) 1ನ್ನು 2,500ರ ವರ್ಗಮೂಲದಿಂದ, ಅಂದರೆ 50ರಿಂದ ಭಾಗಿಸಿದರೆ ಬರುವ 0.02. ಅದರ ಎರಡು ಪಟ್ಟು 0.04. ನಿಮ್ಮ 0.05 ಆ ಗಡಿಯಾಚೆ ಇರುವುದರಿಂದ ತಂತ್ರಾಂಶ ಅದಕ್ಕೆ ನಕ್ಷತ್ರ ಚಿಹ್ನೆ ಹಾಕಿದೆ. ಈಗ 0.05ರ ವರ್ಗವನ್ನು ನೋಡಿ: 0.0025. ಇಂದಿನ ಏರಿಳಿತದಲ್ಲಿ ನಿನ್ನೆಯ ಏರಿಳಿತ ವಿವರಿಸಬಲ್ಲ ಪಾಲು ಶೇ 0.25, ಅಂದರೆ ನಾನೂರರಲ್ಲಿ ಒಂದು ಪಾಲು. ನಿನ್ನೆ ಸೂಚ್ಯಂಕ ಸರಾಸರಿಗಿಂತ ಶೇ 1 ಹೆಚ್ಚು ಏರಿದ್ದರೆ, ಇಂದು ಸರಾಸರಿಗಿಂತ ಶೇ 0.05 ಹೆಚ್ಚಿನದನ್ನು ನಿರೀಕ್ಷಿಸಬಹುದು, ಅಷ್ಟೇ. ಕೊಳ್ಳುವಾಗ ಒಮ್ಮೆ, ಮಾರುವಾಗ ಒಮ್ಮೆ ತೆರಬೇಕಾದ ದಲ್ಲಾಳಿ ಶುಲ್ಕ, ತೆರಿಗೆ ಮತ್ತು ಕೊಳ್ಳುವ-ಮಾರುವ ದರಗಳ ಅಂತರವನ್ನು ಕಳೆದರೆ ಸಾಮಾನ್ಯ ಹೂಡಿಕೆದಾರನಿಗೆ ಇದರಲ್ಲಿ ಉಳಿಯುವುದು ನಷ್ಟವೇ. ಸಾಂಖ್ಯಿಕವಾಗಿ ಗಣನೀಯವಾದದ್ದು ಆರ್ಥಿಕವಾಗಿ ನಗಣ್ಯವಾಗಿರಬಹುದು ಎಂಬುದಕ್ಕೆ ನಿಮ್ಮ ದತ್ತಾಂಶವೇ ಚೊಕ್ಕ ಉದಾಹರಣೆ, ಅದನ್ನು ಪ್ರಬಂಧದಲ್ಲಿ ಹೀಗೆಯೇ ಲೆಕ್ಕ ಹಾಕಿ ತೋರಿಸಿ. ಇನ್ನೊಂದು ಮಾತು: ಏರಿಳಿತದ ಗಾತ್ರ ಕಾಲದಿಂದ ಕಾಲಕ್ಕೆ ಬದಲಾಗುವ ದತ್ತಾಂಶದಲ್ಲಿ ಆ 0.02 ಎಂಬ ಮಾನಕ ದೋಷವೇ ವಾಸ್ತವಕ್ಕಿಂತ ಚಿಕ್ಕದಾಗಿರುತ್ತದೆ. ಈ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ರೋಬಸ್ಟ್ ಮಾನಕ ದೋಷವನ್ನು ಬಳಸಿದರೆ ನಿಮ್ಮ ನಕ್ಷತ್ರ ಮಾಯವಾಗಲೂಬಹುದು.

ಆ 0.05 ಹುಟ್ಟಿದ್ದಾದರೂ ಎಲ್ಲಿಂದ? ಸೂಚ್ಯಂಕದಲ್ಲಿರುವ ಕಂಪನಿಯೊಂದರ ಷೇರು ಆ ದಿನ ಕೊನೆಯ ಬಾರಿ ಕೈಬದಲಾಯಿಸಿದ್ದು ಮಧ್ಯಾಹ್ನ ಎರಡು ಗಂಟೆಗೆ ಎಂದುಕೊಳ್ಳಿ. ಮೂರು ಗಂಟೆಗೆ ಇಡೀ ಮಾರುಕಟ್ಟೆಗೆ ಒಳ್ಳೆಯ ಸುದ್ದಿಯೊಂದು ಬರುತ್ತದೆ. ಬಿರುಸಾಗಿ ವಹಿವಾಟು ನಡೆಯುವ ದೊಡ್ಡ ಷೇರುಗಳು ಕೂಡಲೇ ಏರುತ್ತವೆ, ಆದರೆ ಈ ಷೇರಿನ ಮುಕ್ತಾಯ ಬೆಲೆಯಾಗಿ ದಾಖಲಾಗುವುದು ಎರಡು ಗಂಟೆಯ ಹಳಸಿದ ಬೆಲೆ. ಮರುದಿನ ಮೊದಲ ವಹಿವಾಟಿನಲ್ಲಿ ಅದು ಏರುತ್ತದೆ. ಸೂಚ್ಯಂಕವನ್ನು ನೋಡುವವರಿಗೆ ನಿನ್ನೆಯ ಏರಿಕೆ ಇಂದೂ ಮುಂದುವರಿದಂತೆ ಕಾಣುತ್ತದೆ. ಆದರೆ ಆ ಹಳೆಯ ಬೆಲೆಗೆ ಷೇರು ಕೊಡುವವರು ಯಾರೂ ಇರಲಿಲ್ಲ. ಲಾರೆನ್ಸ್ ಫಿಷರ್ 1966ರಲ್ಲಿಯೇ ಗುರುತಿಸಿದ ತೊಡಕಿದು. ಬಿಡಿ ಷೇರುಗಳಲ್ಲಿ ಇದರ ತದ್ವಿರುದ್ಧ ನಡೆಯುತ್ತದೆ. ಷೇರಿನ ನಿಜ ಮೌಲ್ಯ 100 ಎಂದೂ, ಕೊಳ್ಳುವವರು 100.10 ಕೊಡಬೇಕು, ಮಾರುವವರಿಗೆ 99.90 ಸಿಗುತ್ತದೆ ಎಂದೂ ಇಟ್ಟುಕೊಂಡರೆ, ದಿನದ ಕೊನೆಯ ವಹಿವಾಟು ಯಾರದ್ದೆಂಬುದರ ಮೇಲೆ ಮುಕ್ತಾಯ ಬೆಲೆ ಈ ಎರಡರ ನಡುವೆ ಪುಟಿಯುತ್ತಿರುತ್ತದೆ, ಮೌಲ್ಯ ಮಾತ್ರ ಕದಲಿರುವುದಿಲ್ಲ. ಈ ಪುಟಿತ ಋಣಾತ್ಮಕ ಸ್ವಸಹಸಂಬಂಧವನ್ನು ಉಂಟುಮಾಡುತ್ತದೆ. ರಿಚರ್ಡ್ ರೋಲ್ 1984ರಲ್ಲಿ ಅದನ್ನೇ ತಿರುಗಿಸಿ, ದರಗಳ ಅಂತರವನ್ನು ಅಳೆಯುವ ಸಾಧನವನ್ನಾಗಿ ಮಾಡಿಕೊಂಡರು. ನಿಮ್ಮ ದೈನಂದಿನ ಪ್ರತಿಫಲಗಳನ್ನು ವಾರದ ಪ್ರತಿಫಲಗಳಾಗಿ ಕೂಡಿಸಿ ಮತ್ತೆ ಅಳೆದು ನೋಡಿ. ಸಂಬಂಧ ಕುಗ್ಗಿದರೆ ಅದು ಹಳಸಿದ ಬೆಲೆಗಳ ಕರಾಮತ್ತಾಗಿರುವ ಸಾಧ್ಯತೆ ಹೆಚ್ಚು.

ಬೆಲೆಗಳ ಇತಿಹಾಸದ ಮೇಲೆಯೇ ಪ್ರಬಂಧ ಬರೆಯಬೇಕೆಂಬ ಹಟವಿದ್ದರೆ, ವೇರಿಯನ್ಸ್ ಅನುಪಾತ ಪರೀಕ್ಷೆ ನಿಮಗೆ ಒಪ್ಪುವ ಉಪಕರಣ. ಪ್ರತಿಫಲಗಳು ಪರಸ್ಪರ ಸಂಬಂಧವಿಲ್ಲದವಾದರೆ ಐದು ದಿನಗಳ ಪ್ರತಿಫಲದ ವೇರಿಯನ್ಸ್ (ಮಾನಕ ವಿಚಲನೆಯ ವರ್ಗ) ಒಂದು ದಿನದ್ದರ ಐದು ಪಟ್ಟು ಇರಬೇಕು, ಮೊದಲನೆಯದನ್ನು ಆ ಐದು ಪಟ್ಟಿನಿಂದ ಭಾಗಿಸಿದ ಅನುಪಾತ 1 ಬರಬೇಕು. ಎರಡು ದಿನಗಳ ಅನುಪಾತವು 1 ಮತ್ತು ಸ್ವಸಹಸಂಬಂಧ ಇವೆರಡರ ಮೊತ್ತ, ಅಂದರೆ ನಿಮ್ಮಲ್ಲಿ 1.05. ಆಂಡ್ರ್ಯೂ ಲೋ ಮತ್ತು ಕ್ರೇಗ್ ಮೆಕಿನ್ಲೆ 1988ರಲ್ಲಿ ಅಮೆರಿಕದ 1962ರಿಂದ 1985ರವರೆಗಿನ ವಾರದ ಪ್ರತಿಫಲಗಳ ಮೇಲೆ ಇದನ್ನು ಪ್ರಯೋಗಿಸಿ ರ‍್ಯಾಂಡಮ್ ವಾಕ್ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸಿದರು. ಆದರೆ ರ‍್ಯಾಂಡಮ್ ವಾಕ್ ಬಿದ್ದ ಮಾತ್ರಕ್ಕೆ ದಕ್ಷತೆಯೂ ಬಿದ್ದಂತಾಗುವುದಿಲ್ಲ ಎಂದು ಅದೇ ಲೇಖನದಲ್ಲಿ ಅವರು ಎಚ್ಚರಿಸಿದ್ದನ್ನು ಉಲ್ಲೇಖಿಸುವವರು ಕಡಿಮೆ.

ಈ ಎಚ್ಚರಿಕೆಯ ಬೇರು ಎಲ್ಲಿದೆ ಎಂಬುದು ನಿಮ್ಮ ಪ್ರಬಂಧದ ಸೈದ್ಧಾಂತಿಕ ಅಧ್ಯಾಯದ ಹೂರಣವಾಗಬೇಕು. ಲೂಯಿ ಬಶೆಲಿಯೆ 1900ರಲ್ಲಿ ಪ್ಯಾರಿಸ್‌ನಲ್ಲಿ ಸಲ್ಲಿಸಿದ ಪ್ರೌಢಪ್ರಬಂಧ, ಆಲ್ಫ್ರೆಡ್ ಕೌಲ್ಸ್ 1933ರಲ್ಲಿ ಭವಿಷ್ಯ ಹೇಳುವವರನ್ನು ಪರೀಕ್ಷೆಗೊಡ್ಡಿದ್ದು, ಮಾರಿಸ್ ಕೆಂಡಲ್ 1953ರಲ್ಲಿ ಬೆಲೆಗಳ ಸರಣಿಯಲ್ಲಿ ಕ್ರಮವನ್ನೇ ಕಾಣದೆ ಹೋದದ್ದು, ಪಾಲ್ ಸ್ಯಾಮ್ಯುಯೆಲ್ಸನ್ 1965ರಲ್ಲಿ ಕೊಟ್ಟ ಗಣಿತೀಯ ಸಾಧನೆ, ಫಾಮಾ 1970ರಲ್ಲಿ ಮಾಡಿದ ದುರ್ಬಲ, ಅರೆಪ್ರಬಲ, ಪ್ರಬಲ ಎಂಬ ಮೂರು ರೂಪಗಳ (ಕ್ರಮವಾಗಿ ಹಿಂದಿನ ಬೆಲೆಗಳು, ಎಲ್ಲ ಸಾರ್ವಜನಿಕ ಮಾಹಿತಿ, ಒಳಗಿನವರ ಗುಟ್ಟಿನ ಮಾಹಿತಿಯೂ ಬೆಲೆಯಲ್ಲಿ ಅಡಕವಾಗಿದೆ ಎನ್ನುವ) ವಿಂಗಡಣೆ, ಇವೆಲ್ಲವನ್ನೂ ಮೂರು ಪುಟಗಳಲ್ಲಿ ಮುಗಿಸಿ. ಪರೀಕ್ಷಕರು ಇದನ್ನು ನೂರು ಸಲ ಓದಿರುತ್ತಾರೆ. ಅವರು ಕಾಯುವುದು ಮುಂದಿನ ಮಾತಿಗೆ. ‘ಅಸಾಧಾರಣ’ ಪ್ರತಿಫಲ ಸಿಕ್ಕಿತು ಎನ್ನಬೇಕಾದರೆ ‘ಸಾಧಾರಣ’ ಎಷ್ಟು ಎಂಬುದನ್ನು ಮೊದಲು ಹೇಳಬೇಕು, ಅದಕ್ಕೊಂದು ಮಾದರಿ ಬೇಕು. ಪರೀಕ್ಷೆ ವಿಫಲವಾದಾಗ ತಪ್ಪು ಮಾರುಕಟ್ಟೆಯದೋ ಮಾದರಿಯದೋ ಎಂದು ಬೇರ್ಪಡಿಸಲು ಬರುವುದಿಲ್ಲ. ಸಣ್ಣ ಕಂಪನಿಗಳ ಷೇರುಗಳು ಹೆಚ್ಚು ಗಳಿಸಿದರೆ ಮಾರುಕಟ್ಟೆ ಅವುಗಳಿಗೆ ತಪ್ಪು ಬೆಲೆ ಕಟ್ಟಿತ್ತೋ, ಅಥವಾ ನಮ್ಮ ಮಾದರಿ ಅಳೆಯದ ಅಪಾಯವೊಂದಕ್ಕೆ ಅದು ಪರಿಹಾರವೋ? ಇದನ್ನೇ ಜಂಟಿ ಪ್ರಾಕ್ಕಲ್ಪನೆಯ ಸಮಸ್ಯೆ ಎನ್ನುತ್ತಾರೆ. 2013ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಲಾರ್ಸ್ ಪೀಟರ್ ಹ್ಯಾನ್ಸನ್ ಅವರ ಜೊತೆಗೆ ಫಾಮಾ ಅವರಿಗೂ, ಲಾಭಾಂಶಗಳು ಸಮರ್ಥಿಸುವುದಕ್ಕಿಂತ ಷೇರು ಬೆಲೆಗಳು ಅತಿಯಾಗಿ ಓಲಾಡುತ್ತವೆ ಎಂದು 1981ರಲ್ಲಿ ವಾದಿಸಿದ ರಾಬರ್ಟ್ ಶಿಲ್ಲರ್ ಅವರಿಗೂ ಒಟ್ಟಿಗೇ ಕೊಟ್ಟಾಗ ಹಲವರು ಹುಬ್ಬೇರಿಸಿದ್ದರು. ದಿನ-ವಾರಗಳ ಅವಧಿಯಲ್ಲಿ ಊಹೆ ಬಹಳ ಕಷ್ಟ, ಮೂರು-ಐದು ವರ್ಷಗಳ ಅವಧಿಯಲ್ಲಿ ಸ್ವಲ್ಪಮಟ್ಟಿಗೆ ಸಾಧ್ಯ ಎಂಬುದರಲ್ಲಿ ಇಬ್ಬರಿಗೂ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಆ ಸಾಧ್ಯತೆಯ ಕಾರಣವನ್ನು ಒಬ್ಬರು ಅಪಾಯದಲ್ಲಿ ಹುಡುಕುತ್ತಾರೆ, ಇನ್ನೊಬ್ಬರು ಮನುಷ್ಯರ ಮನಸ್ಸಿನಲ್ಲಿ.

ಸ್ಯಾನ್‌ಫರ್ಡ್ ಗ್ರಾಸ್‌ಮನ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ 1980ರಲ್ಲಿ ಮಂಡಿಸಿದ ವಾದವನ್ನೂ ಬಿಡಬೇಡಿ. ಎಲ್ಲ ಮಾಹಿತಿಯೂ ಆಗಲೇ ಬೆಲೆಯಲ್ಲಿ ಅಡಕವಾಗಿದ್ದರೆ ಹಣ ಖರ್ಚು ಮಾಡಿ ಮಾಹಿತಿ ಹುಡುಕುವವರು ಯಾರು? ಹುಡುಕುವವರೇ ಇಲ್ಲವಾದರೆ ಅದು ಬೆಲೆಯೊಳಗೆ ಸೇರುವುದಾದರೂ ಹೇಗೆ? ಹುಡುಕುವ ಖರ್ಚು ಹುಟ್ಟುವಷ್ಟು ಅದಕ್ಷತೆ ಮಾರುಕಟ್ಟೆಯಲ್ಲಿ ಉಳಿದಿರಲೇಬೇಕು. ಹೀಗಿರುವಾಗ ‘ದಕ್ಷವೇ?’ ಎಂದು ಹೌದು-ಅಲ್ಲಗಳಲ್ಲಿ ಕೇಳುವುದಕ್ಕೇ ಅರ್ಥ ಕಡಿಮೆ.

ಸಾಧಾರಣ ಪ್ರತಿಫಲದ ಮಾದರಿಯ ಹಂಗೇ ಇಲ್ಲದ ಪುರಾವೆ ಇದೆಯೇ ಎಂದು ಕೇಳಿದರೆ, ಅಪರೂಪಕ್ಕೆ ಇದೆ. 2000ದ ಮಾರ್ಚ್ 2ರಂದು ಅಮೆರಿಕದ ತ್ರೀಕಾಮ್ ಕಂಪನಿ ತನ್ನ ಅಂಗಸಂಸ್ಥೆ ಪಾಮ್‌ನ ಶೇ 5ರಷ್ಟು ಷೇರುಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಉಳಿದವನ್ನು ಆ ವರ್ಷದಲ್ಲಿಯೇ ತನ್ನ ಷೇರುದಾರರಿಗೆ ಹಂಚುವುದಾಗಿ ಹೇಳಿತ್ತು. ತ್ರೀಕಾಮ್‌ನ ಒಂದು ಷೇರು ಇಟ್ಟುಕೊಂಡವರಿಗೆ ಪಾಮ್‌ನ ಸುಮಾರು ಒಂದೂವರೆ ಷೇರು ಸಿಗುವುದಿತ್ತು. ಮೊದಲ ದಿನದ ಕೊನೆಗೆ ಪಾಮ್ ಷೇರಿನ ಬೆಲೆ 95.06 ಡಾಲರ್. ಅದರ ಒಂದೂವರೆ ಪಟ್ಟು 142 ಡಾಲರಿಗೂ ಹೆಚ್ಚು. ತ್ರೀಕಾಮ್‌ನ ಒಂದು ಷೇರು ಕನಿಷ್ಠ ಅಷ್ಟಾದರೂ ಬಾಳಬೇಕಿತ್ತು, ಆದರೆ ಅದು ದಿನ ಮುಗಿಸಿದ್ದು 81.81 ಡಾಲರಿಗೆ. ತ್ರೀಕಾಮ್‌ನ ಉಳಿದ ಇಡೀ ವ್ಯವಹಾರದ ಮೌಲ್ಯ ಷೇರಿಗೆ 60 ಡಾಲರ್ ಋಣಾತ್ಮಕ ಎಂದು ಮಾರುಕಟ್ಟೆ ಹೇಳಿದಂತಾಯಿತು! ಇಲ್ಲಿ ಅಪಾಯದ ಮಾದರಿ ಬೇಡ, ಗುಣಾಕಾರ ಬಂದರೆ ಸಾಕು. ಹಾಗಿದ್ದರೂ ಈ ಅಂತರದಲ್ಲಿ ಎಲ್ಲರೂ ಹಣ ಬಾಚಿಕೊಳ್ಳಲಿಲ್ಲ, ಏಕೆಂದರೆ ಅದಕ್ಕೆ ಪಾಮ್ ಷೇರುಗಳನ್ನು ಎರವಲು ತಂದು ಮಾರಬೇಕಿತ್ತು, ಎರವಲಿಗೆ ಷೇರುಗಳು ಸಿಗುವುದೇ ದುರ್ಲಭವಾಗಿತ್ತು. ಬೆಲೆ ತಪ್ಪಾಗಿರುವುದು ಬೇರೆ, ಆ ತಪ್ಪಿನಿಂದ ಲಾಭ ಮಾಡಿಕೊಳ್ಳಲು ಬರುವುದು ಬೇರೆ. ನಿಮ್ಮ ಪ್ರಬಂಧ ಈ ಎರಡರಲ್ಲಿ ಯಾವುದನ್ನು ದಕ್ಷತೆ ಎಂದು ಕರೆಯುತ್ತದೆಂದು ಮೊದಲ ಅಧ್ಯಾಯದಲ್ಲಿಯೇ ಬರೆದಿಡಿ. ಹೆಚ್ಚಿನ ಗೊಂದಲಗಳು ಅಲ್ಲಿಯೇ ತೀರುತ್ತವೆ.

ಇನ್ನು ಪ್ರಶ್ನೆಯ ಆಯ್ಕೆ. ವಾರದ ದಿನ, ವರ್ಷದ ತಿಂಗಳು ಎಂಬ ಪಂಚಾಂಗದ ಪರಿಣಾಮಗಳು ವಿದ್ಯಾರ್ಥಿಗಳಿಗೆ ಬಹಳ ಪ್ರಿಯ, ಏಕೆಂದರೆ ದತ್ತಾಂಶ ಸುಲಭ. ನಾನು ಇದನ್ನು ಮನಸಾರೆ ಶಿಫಾರಸು ಮಾಡಲಾರೆ. ವಹಿವಾಟಿನ ಐದು ದಿನ, ಹನ್ನೆರಡು ತಿಂಗಳು ಸೇರಿ ಹದಿನೇಳು ಪರೀಕ್ಷೆಗಳಾದವು. ಪ್ರತಿಯೊಂದರಲ್ಲೂ ಸುಳ್ಳು ಫಲಿತಾಂಶದ ಸಂಭವ ಶೇ 5 ಎಂದರೆ, ಮತ್ತು ಪರೀಕ್ಷೆಗಳು ಸ್ವತಂತ್ರ ಎಂದರೆ, ಯಾವ ಪರಿಣಾಮವೂ ಇಲ್ಲದ ಮಾರುಕಟ್ಟೆಯಲ್ಲಿ ಕನಿಷ್ಠ ಒಂದಾದರೂ ‘ಗಣನೀಯ’ ದಿನ ಅಥವಾ ತಿಂಗಳು ಸಿಗುವ ಸಂಭವ ಸುಮಾರು ಶೇ 58. ಅಂದರೆ ಹುಡುಕಿದವರಿಗೆ ಸಿಗದೇ ಇರುವುದೇ ವಿಶೇಷ. ಆದರೂ ಈ ದಾರಿಯಲ್ಲಿ ಒಂದು ಒಳ್ಳೆಯ ಪ್ರಶ್ನೆ ಉಂಟು. ಜನವರಿ ಪರಿಣಾಮದ ಬಗ್ಗೆ ರೋಜೆಫ್ ಮತ್ತು ಕಿನ್ನಿ 1976ರಲ್ಲಿ ಬರೆದರು, ಸೋಮವಾರದ ಋಣಾತ್ಮಕ ಪ್ರತಿಫಲಗಳ ಬಗ್ಗೆ ಕೆನೆತ್ ಫ್ರೆಂಚ್ 1980ರಲ್ಲಿ ಬರೆದರು. ಹೀಗೆ ಬರೆದು ಬಹಿರಂಗವಾದ ಮೇಲೂ ಆ ಪರಿಣಾಮಗಳು ಉಳಿದವೇ? ಮೆಕ್‌ಲೀನ್ ಮತ್ತು ಪಾಂಟಿಫ್ 2016ರಲ್ಲಿ ಇಂಥ 97 ಸೂಚಕಗಳನ್ನು ಪರಿಶೀಲಿಸಿದಾಗ, ಮೂಲ ಅಧ್ಯಯನದ ಅವಧಿಯಾಚೆ ಅವುಗಳ ಪ್ರತಿಫಲ ಶೇ 26ರಷ್ಟು, ಪ್ರಕಟಣೆಯ ನಂತರ ಶೇ 58ರಷ್ಟು ಕಡಿಮೆಯಾಗಿತ್ತು. ಒಂದೇ ಒಂದು ಪರಿಣಾಮವನ್ನು ಮೊದಲೇ ಗೊತ್ತುಮಾಡಿಕೊಂಡು, ಪ್ರಕಟಣೆಗೆ ಮುಂಚಿನ ಮತ್ತು ನಂತರದ ಅವಧಿಗಳನ್ನು ಹೋಲಿಸಿದರೆ ಅದು ಗೌರವದ ಪ್ರಬಂಧವಾಗುತ್ತದೆ.

ನನ್ನ ಒಲವು ಮಾತ್ರ ಈವೆಂಟ್ ಸ್ಟಡಿಯ ಕಡೆಗೆ, ಅಂದರೆ ನಿರ್ದಿಷ್ಟ ಘಟನೆಯೊಂದರ ಸುತ್ತ ಬೆಲೆ ಹೇಗೆ ನಡೆದುಕೊಂಡಿತೆಂದು ಅಳೆಯುವ ವಿಧಾನದ ಕಡೆಗೆ. ಇದರ ಅನುಕೂಲವೆಂದರೆ ಮೂರು ದಿನಗಳ ಸಾಧಾರಣ ಪ್ರತಿಫಲ ಎಷ್ಟೆಂದರೂ ಸೊನ್ನೆಗೆ ಹತ್ತಿರ. ಆದ್ದರಿಂದ ಮಾದರಿ ಕೊಂಚ ತಪ್ಪಿದ್ದರೂ ಫಲಿತಾಂಶ ಕೆಡುವುದಿಲ್ಲ, ಜಂಟಿ ಪ್ರಾಕ್ಕಲ್ಪನೆಯ ಕಾಟ ಬಹುಮಟ್ಟಿಗೆ ತಗ್ಗುತ್ತದೆ. ಫಾಮಾ, ಫಿಷರ್, ಜೆನ್ಸನ್ ಮತ್ತು ರೋಲ್ 1969ರಲ್ಲಿ 940 ಷೇರು ವಿಭಜನೆಗಳನ್ನು (ಒಂದು ಷೇರನ್ನು ಹಲವಾಗಿ ಒಡೆಯುವುದನ್ನು) ಹೀಗೆ ಅಧ್ಯಯನ ಮಾಡಿ, ಬೆಲೆಗಳು ವಿಭಜನೆಗೆ ಮುಂಚೆಯೇ ಏರಿದ್ದವು, ಆಮೇಲೆ ಸರಾಸರಿಯಲ್ಲಿ ಮತ್ತೆ ಏರಲಿಲ್ಲ ಎಂದು ಕಂಡುಕೊಂಡರು. ಅದಕ್ಕೆ ಒಂದು ವರ್ಷ ಮೊದಲು ಬಾಲ್ ಮತ್ತು ಬ್ರೌನ್ ಕಂಪನಿಗಳ ಲಾಭದ ಪ್ರಕಟಣೆಯನ್ನು ನೋಡಿದಾಗ, ಮಾಹಿತಿಯ ಬಹುಪಾಲು ಪ್ರಕಟಣೆಗೆ ಮುಂಚೆಯೇ ಬೆಲೆ ಸೇರಿತ್ತು, ಆದರೆ ಪ್ರಕಟಣೆಯ ನಂತರವೂ ಬೆಲೆ ಅದೇ ದಿಕ್ಕಿನಲ್ಲಿ ಮೆಲ್ಲಗೆ ತೆವಳುತ್ತಿತ್ತು. ಆ ತೆವಳಾಟ ಇಂದಿಗೂ ದಕ್ಷತೆಯ ವಾದಿಗಳ ಕಾಲಿನ ಮುಳ್ಳು.

ಕೆಲಸ ನಡೆಯುವ ಬಗೆ ಹೀಗೆ. ಘಟನೆಯ ದಿನವನ್ನು ಸೊನ್ನೆಯ ದಿನ ಎಂದು ಕರೆಯಿರಿ. ಅದಕ್ಕೆ 150 ದಿನ ಹಿಂದಿನಿಂದ 30 ದಿನ ಹಿಂದಿನವರೆಗಿನ ದತ್ತಾಂಶದಲ್ಲಿ ಷೇರಿನ ಪ್ರತಿಫಲಕ್ಕೂ ಸೂಚ್ಯಂಕದ ಪ್ರತಿಫಲಕ್ಕೂ ಇರುವ ಸರಳ ರೇಖೀಯ ಸಂಬಂಧವನ್ನು ಅಂದಾಜಿಸಿ. ಬೀಟಾ (ಸೂಚ್ಯಂಕ ಶೇ 1 ಸರಿದಾಗ ಷೇರು ಸರಾಸರಿ ಎಷ್ಟು ಸರಿಯುತ್ತದೆಂಬ ಸಂಖ್ಯೆ) 1.2, ಸ್ಥಿರಾಂಕ ಸೊನ್ನೆ ಬಂತೆನ್ನಿ. ಸೊನ್ನೆಯ ದಿನ ಸೂಚ್ಯಂಕ ಶೇ 1 ಕುಸಿದಿದ್ದು, ಷೇರು ಶೇ 0.8 ಏರಿದೆ. ಷೇರು ಶೇ 1.2 ಕುಸಿಯಬೇಕಿದ್ದರಿಂದ ಅಸಾಧಾರಣ ಪ್ರತಿಫಲ ಶೇ 2. ಪತ್ರಿಕೆ ಓದಿದವರಿಗೆ ಶೇ 0.8ರ ಸಾಮಾನ್ಯ ಏರಿಕೆಯಾಗಿ ಕಂಡದ್ದು ಲೆಕ್ಕ ಹಾಕಿದವರಿಗೆ ಅದರ ಎರಡೂವರೆ ಪಟ್ಟಾಗಿ ಕಾಣುತ್ತದೆ. ಇದನ್ನು ಪ್ರತಿ ದಿನಕ್ಕೂ ಪ್ರತಿ ಘಟನೆಗೂ ಲೆಕ್ಕ ಹಾಕಿ, ಘಟನೆಗಳ ಮೇಲೆ ಸರಾಸರಿ ತೆಗೆದು, ದಿನಗಳ ಮೇಲೆ ಕೂಡಿಸುತ್ತಾ ಹೋದರೆ ಒಂದು ರೇಖೆ ಸಿಗುತ್ತದೆ. ಅದು ಸೊನ್ನೆಯ ದಿನ ಜಿಗಿದು ಆಮೇಲೆ ಸಮತಟ್ಟಾದರೆ ಮಾಹಿತಿ ಕೂಡಲೇ ಇಳಿದಿದೆ. ಮುಂಚೆಯೇ ಏರತೊಡಗಿದ್ದರೆ ಸುದ್ದಿ ಸೋರಿರಬಹುದು, ಅಥವಾ ನಿರೀಕ್ಷಿತವಾಗಿರಬಹುದು. ಆಮೇಲೂ ಏರುತ್ತಿದ್ದರೆ ನಿಮಗೆ ಬರೆಯಲು ಸಂಗತಿ ಸಿಕ್ಕಿತು.

ಸೊನ್ನೆಯ ದಿನವನ್ನು ನಿಗದಿ ಮಾಡುವುದೇ ಇದರಲ್ಲಿ ಅತಿ ಬೇಸರದ, ಅತಿ ಮುಖ್ಯವಾದ ಕೆಲಸ. ಪ್ರಕಟಣೆ ವಹಿವಾಟು ಮುಗಿದ ನಂತರ ಬಂದಿದ್ದರೆ ಮರುದಿನವೇ ಸೊನ್ನೆಯ ದಿನ. ಇದನ್ನು ಗಮನಿಸದವರು ದಕ್ಷವಾದ ಮಾರುಕಟ್ಟೆಯನ್ನು ಒಂದು ದಿನ ಮಂದಗತಿಯದೆಂದು ದೂರುತ್ತಾರೆ. ಸಾಮಾನ್ಯ ಸಭೆ ನಡೆದ ದಿನವನ್ನಾಗಲಿ, ಲಾಭಾಂಶ ಪಾವತಿಯಾದ ದಿನವನ್ನಾಗಲಿ ಹಿಡಿಯದೆ, ಸುದ್ದಿ ಸಾರ್ವಜನಿಕರಿಗೆ ಮೊದಲು ತಲುಪಿದ ಗಳಿಗೆಯನ್ನು ಹಿಡಿಯಿರಿ. ಹಾಗೆಯೇ ಸೂಚ್ಯಂಕಕ್ಕೆ ಸೇರ್ಪಡೆಯಂಥ ಘಟನೆಯನ್ನು ಆರಿಸಿಕೊಂಡರೆ (ಕಂಪನಿಯ ಬಗ್ಗೆ ಹೊಸದೇನನ್ನೂ ಹೇಳದ ಈ ಘಟನೆಗೂ ಬೆಲೆ ಏರುತ್ತದೆ ಎಂದು ಆಂಡ್ರೆ ಶ್ಲೈಫರ್ 1986ರಲ್ಲಿ ತೋರಿಸಿದ್ದರಿಂದ ಇದು ಸೊಗಸಾದ ವಿಷಯ) ಹಲವು ಸೇರ್ಪಡೆಗಳು ಒಂದೇ ದಿನ ಪ್ರಕಟವಾಗಿರುತ್ತವೆ ಎಂಬುದನ್ನು ನೆನಪಿಡಿ. ಒಂದೇ ದಿನದ ಮೂವತ್ತು ಘಟನೆಗಳನ್ನು ಮೂವತ್ತು ಸ್ವತಂತ್ರ ಸಾಕ್ಷಿಗಳೆಂದು ಎಣಿಸುವಂತಿಲ್ಲ.

ದತ್ತಾಂಶದ ವಿಚಾರದಲ್ಲಿ ಒಂದು ಅನುಭವ ಹೇಳುತ್ತೇನೆ. ನಾನು ಮೌಲ್ಯಮಾಪನ ಮಾಡಿದ ಪ್ರಬಂಧವೊಂದರಲ್ಲಿ ಒಂದು ಷೇರು ಒಂದೇ ದಿನ ಶೇ 50 ಕುಸಿದಿತ್ತು, ಅದನ್ನು ಹೂಡಿಕೆದಾರರ ಭೀತಿಯೆಂದು ಎರಡು ಪುಟಗಳಲ್ಲಿ ವ್ಯಾಖ್ಯಾನಿಸಲಾಗಿತ್ತು. ಅಸಲಿಗೆ ಆ ದಿನ ಒಂದು ಷೇರು ಎರಡಾಗಿ ವಿಭಜನೆಯಾಗಿತ್ತು, ಯಾರೂ ಬಿಡಿಗಾಸು ಕಳೆದುಕೊಂಡಿರಲಿಲ್ಲ. ವಿಭಜನೆ, ಬೋನಸ್ ಮತ್ತು ಲಾಭಾಂಶಗಳಿಗೆ ಹೊಂದಿಸಿದ ಬೆಲೆಗಳನ್ನೇ ಬಳಸಿ. ಬಳಸಿದ ಮೇಲೂ ನಿಮ್ಮ ದತ್ತಾಂಶದ ಅತಿ ದೊಡ್ಡ ಇಪ್ಪತ್ತು ಏರಿಳಿತಗಳನ್ನು ಒಂದೊಂದಾಗಿ ಕಣ್ಣಾರೆ ಪರಿಶೀಲಿಸಿ. ಇಂದಿನ ಸೂಚ್ಯಂಕದ ಪಟ್ಟಿಯನ್ನು ಹಿಡಿದು ಹತ್ತು ವರ್ಷ ಹಿಂದಕ್ಕೆ ಹೋಗಬೇಡಿ, ಏಕೆಂದರೆ ಆ ಪಟ್ಟಿಯಲ್ಲಿ ಇರುವುದು ಗೆದ್ದು ಉಳಿದವರು ಮಾತ್ರ.

ಏನೂ ಸಿಗದಿದ್ದರೆ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ಬರೋಣ. ‘ಅಸಾಧಾರಣ ಪ್ರತಿಫಲ ಸೊನ್ನೆ ಎಂಬುದನ್ನು ತಿರಸ್ಕರಿಸಲು ಸಾಧ್ಯವಾಗಲಿಲ್ಲ’ ಎಂದು ಬರೆಯಬಹುದು, ‘ಮಾರುಕಟ್ಟೆ ದಕ್ಷವೆಂದು ಸಾಬೀತಾಯಿತು’ ಎಂದು ಬರೆಯುವಂತಿಲ್ಲ. ಆ ಮೊದಲ ವಾಕ್ಯಕ್ಕೆ ಬೆಲೆ ಬರುವುದು ಅದರ ಜೊತೆಗಿರುವ ವಿಶ್ವಾಸಾಂತರದಿಂದ, ಅಂದರೆ ನಿಜ ಮೌಲ್ಯ ಇರಬಹುದಾದ ವ್ಯಾಪ್ತಿಯಿಂದ. ಪ್ರಕಟಣೆಯ ನಂತರದ ಹತ್ತು ದಿನಗಳಲ್ಲಿ ಸರಾಸರಿ ಶೇ 0.2, ಮೇಲೆ ಕೆಳಗೆ ಶೇ 0.5 ಎಂದು ಬಂದರೆ, ಶೇ 0.7ಕ್ಕಿಂತ ದೊಡ್ಡ ತೆವಳಾಟ ಇಲ್ಲಿ ಇರುವ ಸಂಭವ ತೀರಾ ಕಡಿಮೆ ಎಂದು ನೀವು ಕಂಡುಕೊಂಡಂತೆ. ಇದು ನಿಜವಾದ ಫಲಿತಾಂಶ, ಯಾವ ಪರೀಕ್ಷಕರೂ ಇದಕ್ಕೆ ಅಂಕ ಕಡಿತ ಮಾಡಬಾರದು. ಅದೇ ಶೇ 0.2ರ ಮೇಲೆ ಕೆಳಗೆ ಶೇ 6 ಎಂದು ಬಂದರೆ ಬೆಟ್ಟ ಅಗೆದು ಇಲಿ ಹಿಡಿದಂತೆ, ಇಲಿಯೂ ಸಿಕ್ಕಿತೋ ಇಲ್ಲವೋ ಗೊತ್ತಾಗದಂತೆ. ಎರಡರಲ್ಲಿ ನಿಮ್ಮದು ಯಾವುದಾಗಲಿದೆ ಎಂಬುದನ್ನು ದತ್ತಾಂಶ ಕಲೆಹಾಕುವ ಮುನ್ನವೇ ಅಂದಾಜಿಸಲು ಬರುತ್ತದೆ. ಷೇರಿನ ದೈನಂದಿನ ಅಸಾಧಾರಣ ಪ್ರತಿಫಲದ ಮಾನಕ ವಿಚಲನೆ ಶೇ 2 ಎನ್ನಿ. ಹತ್ತು ದಿನಗಳ ಮೊತ್ತಕ್ಕೆ ಅದು 10ರ ವರ್ಗಮೂಲದಿಂದ ಗುಣಿಸಿ ಸುಮಾರು ಶೇ 6.3. ನಲವತ್ತು ಘಟನೆಗಳ ಸರಾಸರಿಗೆ 40ರ ವರ್ಗಮೂಲದಿಂದ ಭಾಗಿಸಿದರೆ ಶೇ 1, ವಿಶ್ವಾಸಾಂತರ ಮೇಲೆ ಕೆಳಗೆ ಸುಮಾರು ಶೇ 2. ನೀವು ಹುಡುಕುತ್ತಿರುವ ಪರಿಣಾಮ ಶೇ 1ರದ್ದಾದರೆ ನಲವತ್ತು ಘಟನೆಗಳಲ್ಲಿ ಅದು ಕಣ್ಣಿಗೆ ಬೀಳುವುದೇ ಅನುಮಾನ. ಅಂತರವನ್ನು ಶೇ 1ಕ್ಕೆ ಇಳಿಸಬೇಕೆಂದರೆ ನೂರ ಅರವತ್ತು ಘಟನೆಗಳು ಬೇಕು, ಅಥವಾ ಹತ್ತು ದಿನಗಳ ಬದಲು ಮೂರು ದಿನಗಳಿಗೆ ಸೀಮಿತರಾದರೆ ನಲವತ್ತರಲ್ಲಿಯೇ ಅಂತರ ಶೇ 1.1ಕ್ಕೆ ಇಳಿಯುತ್ತದೆ. ಈ ನಾಲ್ಕು ಸಾಲಿನ ಲೆಕ್ಕವನ್ನು ನಿಮ್ಮ ಸಂಖ್ಯೆಗಳಿಂದ ಮಾಡಿಕೊಂಡು, ಆ ಹಾಳೆಯೊಂದಿಗೆ ನಿಮ್ಮ ಮಾರ್ಗದರ್ಶಕರ ಬಳಿ ಹೋಗಿ ಘಟನೆಗಳ ಸಂಖ್ಯೆಯನ್ನೂ ದಿನಗಳ ಸಂಖ್ಯೆಯನ್ನೂ ಗೊತ್ತುಮಾಡಿಕೊಳ್ಳಿ. ಬೆಲೆಗಳನ್ನು ಡೌನ್‌ಲೋಡ್ ಮಾಡುವುದು ಅದಾದ ಮೇಲೆ.